*ಹರಳಯ್ಯನವರನ್ನು ಕೊಂದದ್ದು ಯಾವ ಅಪರಾಧಕ್ಕೆ?*



ಶರಣ ಹರಳಯ್ಯನವರ ಹೆಸರೆತ್ತಿದರೆ ನನ್ನ ತರಗತಿಯ ಮಕ್ಕಳು ಪಾದುಕೆಯ ಕಥೆ ಹೇಳುತ್ತಾರೆ. ಬಸವಣ್ಣನವರು ತನಗೆ ಎರಡು ಬಾರಿ ಶರಣೆಂದರೆಂದು ಋಣಭಾರಕ್ಕೆ ಕುಗ್ಗಿ, ಹರಳಯ್ಯನವರೂ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಪಾದುಕೆ ಮಾಡಿಕೊಟ್ಟರು ಎಂಬ ಕಥೆ. ಎಲ್ಲರೂ ಮೆಚ್ಚುವ ಕಥೆ ಇದು. ಆದರೆ ಅವರನ್ನು ಕೊಂದದ್ದು ಇದಕ್ಕಲ್ಲ.

12ನೇ ಶತಮಾನದ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಕಳಚುರಿ ದೊರೆ ಬಿಜ್ಜಳನ ಆಳ್ವಿಕೆ. ಹರಳಯ್ಯನವರು ಸಮಗಾರ ಕುಲದವರು. ಮಧುವರಸರು ಬ್ರಾಹ್ಮಣರಾಗಿ ಹುಟ್ಟಿ ಶರಣರಾದವರು. ಶರಣರಾದ ಮೇಲೆ ಜಾತಿ ಎಲ್ಲಿಯದು ಎಂದು ನಂಬಿದ ಈ ಇಬ್ಬರೂ ಬೀಗರಾದರು. ಹರಳಯ್ಯನವರ ಮಗ ಶೀಲವಂತನಿಗೆ ಮಧುವರಸರ ಮಗಳು ಲಾವಣ್ಯಳನ್ನು ಕೊಟ್ಟು ಮದುವೆಯಾಯಿತು.

ಸಂಪ್ರದಾಯಸ್ಥರು ವರ್ಣಸಂಕರವಾಯಿತೆಂದು ದೊರೆಗೆ ದೂರು ಕೊಟ್ಟರು. ಶಾಸ್ತ್ರವೇ ಕಾನೂನಾಗಿದ್ದ ಕಾಲ. ಬಿಜ್ಜಳ ಮರಣದಂಡನೆ ವಿಧಿಸಿದ. ಇಬ್ಬರು ಬೀಗರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲಿಸಿದರು ಎಂದು ಶರಣ ಪರಂಪರೆ ಹೇಳುತ್ತದೆ. ಇದೇ ಎಳೆಹೂಟೆ ಶಿಕ್ಷೆ. ಮುಂದೆ ಬಿಜ್ಜಳನ ಕೊಲೆಯಾಯಿತು, ಶರಣರು ಕಲ್ಯಾಣ ಬಿಟ್ಟು ಚದುರಿದರು.

ಕ್ರಿ.ಪೂ. 399ರಲ್ಲಿ ಗ್ರೀಸಿನ ಅಥೆನ್ಸ್ ನಗರ ಸಾಕ್ರಟೀಸನಿಗೂ ಮರಣದಂಡನೆ ಕೊಟ್ಟಿತು. ಆದರೆ ಅವನಿಗೆ ನೂರಾರು ನಾಗರಿಕರ ಮುಂದೆ ವಾದಿಸುವ ಅವಕಾಶವಿತ್ತು. ಅದನ್ನು ಬರೆದಿಡಲು ಪ್ಲೇಟೋನಂಥ ಶಿಷ್ಯನಿದ್ದ. ಹರಳಯ್ಯನವರ ಪಾಲಿಗೆ ಆ ಮದುವೆಯೇ ವಾದ, ಅದೇ ಸಾಕ್ಷಿ.

ಯೋಚಿಸಿ ನೋಡಿ. ದಲಿತನೊಬ್ಬ ತನ್ನ ಚರ್ಮ ಸುಲಿದು ಕೊಟ್ಟಾಗ ಜಾತಿಗೆ ಏನೂ ಆಗಲಿಲ್ಲ. ಅವನು ಸರಿಸಮನಾಗಿ ಬೀಗನಾದಾಗ ಸಿಂಹಾಸನವೇ ಅಲುಗಿತು. ಬಾಬಾಸಾಹೇಬರು 1936ರ ಜಾತಿ ವಿನಾಶ ಕೃತಿಯಲ್ಲಿ ವಿವರಿಸಿದ್ದು ಇದನ್ನೇ. ಜೊತೆಯಲ್ಲಿ ಉಂಡರೆ ಸಾಲದು, ಅಂತರ್ಜಾತಿ ವಿವಾಹವೇ ಮದ್ದು, ಅದಕ್ಕೆ ಅಡ್ಡ ನಿಂತ ಶಾಸ್ತ್ರಗಳ ಅಧಿಕಾರ ಮೊದಲು ಹೋಗಬೇಕು ಎಂದರು.

ಇಂದು ಅಂಥ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆಯ ಬಲವಿದೆ, ಸಂವಿಧಾನದ ಆಸರೆಯಿದೆ. ಆದರೂ ಹೆಣ್ಣು ಗಂಡು ನೋಡುವಾಗ, ದೀಕ್ಷೆ ಪಡೆದ ನಮ್ಮ ಮನೆಗಳಲ್ಲೂ ಎಡಗೈಯೋ ಬಲಗೈಯೋ ಎಂಬ ಪ್ರಶ್ನೆ ಮೆಲ್ಲಗೆ ಬರುತ್ತದೆ. ಹಾಗೆ ಕೇಳುವ ಮುನ್ನ, ಆ ಪ್ರಶ್ನೆಯನ್ನು ಕೇಳದ ಇಬ್ಬರು ತಂದೆಯರನ್ನು ನೆನೆಯೋಣ.

ಇಂದಿನ ಚಿಂತನೆ: ನಮ್ಮ ಮಕ್ಕಳ ಮದುವೆಯ ಮಾತುಕತೆಯಲ್ಲಿ ಪಂಚಶೀಲದ ಬಗ್ಗೆ ಮೊದಲು ಕೇಳುತ್ತೇವೆಯೇ, ಒಳಜಾತಿಯ ಬಗ್ಗೆಯೇ?

ಜೈ ಭೀಮ್, ನಮೋ ಬುದ್ಧಾಯ.