ಎರಡು ಬೆರಳಿನ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್

ಸ್ನೇಹಿತರೇ, ಹೋದ ತಿಂಗಳು ನಮ್ಮ ವಿಜ್ಞಾನದ ಮೇಷ್ಟ್ರು ಶಬ್ದದ ಪಾಠಕ್ಕೆ ಅಂತ ಗಿಟಾರ್ ತಂದಿದ್ದು ನಿಮಗೆ ನೆನಪಿರಬೇಕು. ಅವತ್ತು ಅವರು ಹೇಳಿದ ಒಬ್ಬರ ಜೀವನ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ.

ಜ್ಯಾಂಗೊ ರೈನ್‌ಹಾರ್ಟ್ ಅವರು 1910ನೇ ಇಸವಿ ಜನವರಿ 23ರಂದು ಬೆಲ್ಜಿಯಂ ದೇಶದ ಲಿಬರ್‌ಶಿ ಎಂಬ ಹಳ್ಳಿಯಲ್ಲಿ ಜನಿಸಿದರು. ಇವರದು ಊರೂರು ಅಲೆಯುವ ರೋಮಾ ಜನಾಂಗ. ಗಾಡಿಯೇ ಇವರ ಮನೆ. ಈ ಜನರ ಪೂರ್ವಿಕರು ಸುಮಾರು 1000 ವರ್ಷಗಳ ಹಿಂದೆ ನಮ್ಮ ಭಾರತದಿಂದಲೇ ಹೊರಟವರು. ಅವರ ಭಾಷೆಯಲ್ಲೂ ನೀರಿಗೆ ಪಾನಿ ಅಂತಾರೆ, ನಮ್ಮ ಹಿಂದಿ ಪುಸ್ತಕದಲ್ಲಿ ಇರೋ ಹಾಗೇ!

ಜ್ಯಾಂಗೊ ಬೆಳೆದದ್ದು ಪ್ಯಾರಿಸ್ ಪಟ್ಟಣದ ಹೊರಗಡೆ. ಶಾಲೆ ಕಡೆ ಹೋದದ್ದೇ ಕಡಿಮೆ. ಹನ್ನೆರಡು ವರ್ಷದವರಿದ್ದಾಗ ಬ್ಯಾಂಜೊ ಎಂಬ ತಂತಿ ವಾದ್ಯ ಸಿಕ್ಕಿತು. ದೊಡ್ಡವರ ಬೆರಳು ಎಲ್ಲೆಲ್ಲಿ ಹೋಗುತ್ತವೆ ಅಂತ ನೋಡಿ ನೋಡಿಯೇ ಕಲಿತರು. ಸ್ವಲ್ಪ ದಿನಕ್ಕೇ ಅಕಾರ್ಡಿಯನ್ ನುಡಿಸುವವರ ಜೊತೆ ಕೂತು ದುಡ್ಡು ಸಂಪಾದಿಸತೊಡಗಿದರು. 1928ರಲ್ಲಿ ಇವರ ಮೊದಲ ರೆಕಾರ್ಡು ಬಂದಾಗ ಅದರ ಮೇಲೆ ಹೆಸರು ಜಿಯಾಂಗೊ ರೆನಾರ್ ಅಂತ ತಪ್ಪಾಗಿ ಅಚ್ಚಾಗಿತ್ತು. ಪಾಪ, ಇವರಿಗೆ ಓದು ಬರಹ ಬರುತ್ತಿರಲಿಲ್ಲ.

ಅದೇ ವರ್ಷ ಜ್ಯಾಕ್ ಹಿಲ್ಟನ್ ಎಂಬ ಇಂಗ್ಲೆಂಡಿನ ದೊಡ್ಡ ವಾದ್ಯಗಾರರು ಇವರ ವಾದನ ಕೇಳಿ ತಮ್ಮ ತಂಡಕ್ಕೆ ಕರೆದರು. ಆಗ ಜ್ಯಾಂಗೊಗೆ 18 ವರ್ಷ. ಆದರೆ ಹೋಗಲು ಆಗಲಿಲ್ಲ. ಇವರ ಹೆಂಡತಿ ಮಾರಾಟಕ್ಕೆಂದು ಸೆಲ್ಯುಲಾಯ್ಡ್ ಹೂವುಗಳನ್ನು ಮಾಡಿ ಗಾಡಿ ತುಂಬ ಇಟ್ಟಿದ್ದರು. ಒಂದು ರಾತ್ರಿ ಮೇಣದ ಬತ್ತಿ ಉರುಳಿತು. ಸೆಲ್ಯುಲಾಯ್ಡ್‌ಗೆ ಬೆಂಕಿ ಬಿದ್ದರೆ ಕೇಳಬೇಕೇ? ಒಂದೇ ಕ್ಷಣದಲ್ಲಿ ಗಾಡಿಯೆಲ್ಲ ಧಗಧಗ ಹತ್ತಿಕೊಂಡಿತು. ಇಬ್ಬರೂ ಬದುಕಿದರು. ಆದರೆ ಜ್ಯಾಂಗೊ ಅವರ ಬಲಗಾಲು ಮತ್ತು ಎಡಗೈ ಸುಟ್ಟುಹೋದವು. ಡಾಕ್ಟರು ಕಾಲು ಕತ್ತರಿಸಬೇಕು ಅಂದರೂ ಇವರು ಒಪ್ಪಲಿಲ್ಲ. ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮಡಚಿಕೊಂಡು ಹಾಗೇ ನಿಂತುಬಿಟ್ಟವು.

ಗಿಟಾರಿನಲ್ಲಿ ಸ್ವರ ಹಿಡಿಯುವುದೇ ಎಡಗೈ ಬೆರಳುಗಳಿಂದ. ತಮ್ಮ ಜೋಸೆಫ್ ಒಂದು ಗಿಟಾರ್ ತಂದುಕೊಟ್ಟ. ಸುಮಾರು ಒಂದೂವರೆ ವರ್ಷ ಆಸ್ಪತ್ರೆ, ಮನೆ ಅಂತ ನರಳುತ್ತಲೇ ಜ್ಯಾಂಗೊ ಮೊದಲಿಂದ ಕಲಿತರು. ತೋರುಬೆರಳು, ನಡುಬೆರಳು ಇವೆರಡೇ ತಂತಿಯ ಮೇಲೆ ಉದ್ದಕ್ಕೆ ಓಡಬೇಕು. ಮಡಚಿದ ಬೆರಳುಗಳನ್ನು ಕೆಲವು ಕಡೆ ತಂತಿ ಒತ್ತಲು ಮಾತ್ರ ಬಳಸುತ್ತಿದ್ದರು. ನಾನೂ ಮನೆಯಲ್ಲಿ ಎರಡು ಬೆರಳು ಮಡಚಿ ದಾರದಿಂದ ಕಟ್ಟಿಕೊಂಡು ನೋಡಿದೆ. ಅಂಗಿ ಗುಂಡಿ ಹಾಕೋಕೂ ಆಗಲಿಲ್ಲ, ಅವ್ವ ಬೈದು ಬಿಚ್ಚಿಸಿದರು.

1934ರಲ್ಲಿ ಪ್ಯಾರಿಸ್‌ನಲ್ಲಿ ಇವರ ಐದು ಜನರ ತಂಡ ಶುರುವಾಯಿತು. ಮೂರು ಗಿಟಾರ್, ಒಂದು ಪಿಟೀಲು, ಒಂದು ದೊಡ್ಡ ಬಾಸ್. ಡ್ರಮ್ ಇರಲೇ ಇಲ್ಲ! ಹಾಗಾದರೆ ತಾಳ ಹೇಗೆ? ಜೋಸೆಫ್ ಮತ್ತು ಇನ್ನೊಬ್ಬ ಗಿಟಾರಿನವರು ಬಲಗೈಯಿಂದ ಎಲ್ಲಾ ತಂತಿಗಳನ್ನು ಒಟ್ಟಿಗೆ ಹೊಡೆದು, ತಕ್ಷಣ ಎಡಗೈ ಬೆರಳು ಸಡಿಲ ಬಿಡುತ್ತಿದ್ದರು. ತಂತಿ ಕಂಪಿಸುವುದು ನಿಂತು ಝಕ್, ಝಕ್ ಅಂತ ಡ್ರಮ್ಮಿನಂಥ ಶಬ್ದ ಬರುತ್ತದೆ. ಫ್ರೆಂಚ್‌ನಲ್ಲಿ ಇದಕ್ಕೆ ಲಾ ಪೋಂಪ್, ಅಂದರೆ ಪಂಪು ಅಂತ ಹೆಸರು. ಬೋರ್‌ವೆಲ್ ಕೈಪಂಪು ಒತ್ತಿದ ಹಾಗೆ ಅಂದುಕೊಳ್ಳಿ. ಮೇಷ್ಟ್ರು ಮಾಡಿ ತೋರಿಸಿದಾಗ ನಾವೆಲ್ಲ ಬೆಂಚು ಬಡಿದು, ಪಕ್ಕದ ತರಗತಿಯವರಿಂದ ಬೈಸಿಕೊಂಡೆವಲ್ಲ!

ಪಿಟೀಲು ನುಡಿಸುತ್ತಿದ್ದವರು ಸ್ಟೆಫಾನ್ ಗ್ರಾಪೆಲಿ. ಇವರು ಬಹಳ ವರ್ಷಗಳ ನಂತರ ನಮ್ಮ ಕರ್ನಾಟಕ ಸಂಗೀತದ ವಿದ್ವಾನ್ ಎಲ್. ಸುಬ್ರಹ್ಮಣ್ಯಂ ಅವರ ಜೊತೆಗೂ ಪಿಟೀಲು ನುಡಿಸಿ ರೆಕಾರ್ಡು ಮಾಡಿದ್ದಾರೆ.

1939ರಲ್ಲಿ ಯುದ್ಧ ಶುರುವಾದಾಗ ತಂಡ ಲಂಡನ್ನಿನಲ್ಲಿತ್ತು. ಗ್ರಾಪೆಲಿ ಅಲ್ಲೇ ಉಳಿದರು, ಜ್ಯಾಂಗೊ ಪ್ಯಾರಿಸ್‌ಗೆ ವಾಪಸ್ ಬಂದರು. ಸ್ವಲ್ಪ ದಿನದಲ್ಲೇ ಪ್ಯಾರಿಸ್ ಹಿಟ್ಲರನ ಸೈನ್ಯದ ವಶವಾಯಿತು. ಆ ಸೈನ್ಯದವರು ಯಹೂದಿಗಳ ಹಾಗೇ ರೋಮಾ ಜನರನ್ನೂ ಹಿಡಿದು ಲಕ್ಷಗಟ್ಟಲೆ ಕೊಂದರು. ಅಂಥಾ ಕಾಲದಲ್ಲಿ, 1940ರಲ್ಲಿ, ಜ್ಯಾಂಗೊ ನುವಾಜ್ ಎಂಬ ರಾಗ ಕಟ್ಟಿದರು. ನುವಾಜ್ ಎಂದರೆ ಮೋಡಗಳು. ಪ್ಯಾರಿಸ್ ಜನರಿಗೆ ಅದು ಬಹಳ ಇಷ್ಟವಾಯಿತು. 1943ರಲ್ಲಿ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು ಹೋಗಲು ನೋಡಿದಾಗ ಗಡಿಯಿಂದ ವಾಪಸ್ ಕಳಿಸಿದರು. ಆದರೂ ಹೇಗೋ ಬದುಕಿ ಉಳಿದರು.

1946ರಲ್ಲಿ ಅಮೆರಿಕಾಗೆ ಹೋಗಿ ಡ್ಯೂಕ್ ಎಲಿಂಗ್‌ಟನ್ ತಂಡದ ಜೊತೆ ನುಡಿಸಿದರು. ಅಲ್ಲಿ ಒಂದು ದೊಡ್ಡ ಕಾರ್ಯಕ್ರಮಕ್ಕೆ ತುಂಬಾ ತಡವಾಗಿ ಹೋದರಂತೆ, ಜನ ಕಾಯುತ್ತಾ ಕೂತಿದ್ದರಂತೆ. ಇದು ಮಾತ್ರ ನನಗೆ ಸರಿ ಅನ್ನಿಸಲಿಲ್ಲ.

ಕೊನೆಗೆ ಸೆನ್ ನದಿ ದಂಡೆಯ ಸಾಮ್ವಾ ಎಂಬ ಹಳ್ಳಿಯಲ್ಲಿ ನೆಲೆಸಿ ಮೀನು ಹಿಡಿಯುತ್ತಾ, ಚಿತ್ರ ಬರೆಯುತ್ತಾ ಇದ್ದರು. 1953ರ ಮೇ 16ರಂದು ರೈಲ್ವೆ ಸ್ಟೇಷನ್‌ನಿಂದ ಮನೆಗೆ ಬರುವಾಗ ಕುಸಿದುಬಿದ್ದು, ಅದೇ ದಿನ ನಿಧನರಾದರು. ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ಆಗ ಅವರಿಗೆ 43 ವರ್ಷ. ಮಗ ಬಾಬಿಕ್‌ಗೆ ಇನ್ನೂ ಒಂಬತ್ತೂ ತುಂಬಿರಲಿಲ್ಲ. ದೊಡ್ಡವನಾದ ಮೇಲೆ ಅವನೂ ಗಿಟಾರ್ ವಾದಕನೇ ಆದ.

– 7ನೇ ತರಗತಿ ವಿದ್ಯಾರ್ಥಿ