ಹತ್ತೊಂಬತ್ತನೆಯವರ ಹಿರಿಮೆ

ಲೋಕವು ಗೆದ್ದವರನ್ನು ನೆನೆಯುತ್ತದೆ. ದಾರಿ ತೆರೆದವರನ್ನು ಬಹುಬೇಗ ಮರೆಯುತ್ತದೆ. ಬೆಳಗಾವಿಯ ಓಟಗಾರ ಫಡೆಪ್ಪ ದರೆಪ್ಪ ಚೌಗುಲೆಯವರು ದಾರಿ ತೆರೆದವರು.

ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ರೈತಮಕ್ಕಳು ಬರಿಗಾಲಿನಲ್ಲಿ ಓಡಿದುದನ್ನು ಕಂಡು ದೊರಾಬ್ಜಿ ಟಾಟಾ ಅವರು ಬೆರಗಾದರು. ಅವರ ಪ್ರಯತ್ನದ ಫಲವಾಗಿ 1920ರಲ್ಲಿ ಭಾರತದ ಮೊದಲ ಒಲಿಂಪಿಕ್ ತಂಡ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ತೆರಳಿತು. ಚೌಗುಲೆಯವರು ಅದರಲ್ಲೊಬ್ಬರು.

ಆಗಸ್ಟ್ 22ರ ಮ್ಯಾರಥಾನಿನ ದೂರ 42.75 ಕಿಲೋಮೀಟರು, ಒಲಿಂಪಿಕ್ ಚರಿತ್ರೆಯಲ್ಲೇ ಅತಿ ದೀರ್ಘವಾದುದು. ಫಿನ್ಲೆಂಡಿನ ಕೊಲೆಹ್ಮೈನೆನ್ ಮೊದಲಿಗರಾದರು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಪದಕ ದೊರೆಯಲಿಲ್ಲ, ನಿಜ. ಆದರೆ ಪರಾಧೀನ ದೇಶವೊಂದರ ಮಗ ಲೋಕದ ಓಟಗಾರರ ನಡುವೆ ಕೊನೆಯವರೆಗೂ ಓಡಿದುದು ಸಾಮಾನ್ಯವೇ? ಏಳು ವರ್ಷಗಳ ಬಳಿಕ, 1927ರಲ್ಲಿ, ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು.

ಅಂದು ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು, ನಮ್ಮ ಬಳ್ಳಾರಿ ಮದರಾಸು ಪ್ರಾಂತದಲ್ಲಿ. ಇಂದು ಎರಡೂ ಒಂದೇ ಕನ್ನಡನಾಡಿನವು. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಗದ್ದೆಯ ಬದುವಿನ ಮೇಲೆ ಓಡುವ ಬಾಲಕನಿಗೂ ಚೌಗುಲೆಯವರು ಹಿರಿಯರೇ. ಪದಕಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆ ಪಟ್ಟಿಗೆ ಹೋಗುವ ಹಾದಿಯಲ್ಲಿ ಅವರ ಹೆಜ್ಜೆಯಿದೆ.