ಪ್ರೆಸ್ಟ್‌ವಿಕ್ ಕಡಲತೀರಕ್ಕೆ ಗಾಲ್ಫ್ ಕಲಿಸಿದ ಟಾಮ್ ಮಾರಿಸ್

ಗಾಲ್ಫ್ ಎಂದೊಡನೆ ನಮ್ಮ ನಗರವಾಸಿಗಳ ಕಣ್ಣಮುಂದೆ ಬರುವುದು ಒಪ್ಪವಾಗಿ ಕತ್ತರಿಸಿದ ಹಸಿರು ಹಾಸು ಹಾಗೂ ಅದರ ಸುತ್ತಲಿನ ನೆರಳಿನ ಮರಗಳು. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೈದಾನವನ್ನು ಬೇಲಿಯಾಚೆಯಿಂದಲಾದರೂ ಕಂಡವರಿಗೆ ಈ ಚಿತ್ರ ಪರಿಚಿತ. ಆದರೆ ಇಂದಿನ ಗಾಲ್ಫ್ ರೂಪುಗೊಂಡದ್ದು ಇಂಥ ತೋಟದಲ್ಲಲ್ಲ. ಸ್ಕಾಟ್ಲೆಂಡಿನ ಕಡಲತೀರದಲ್ಲಿ ಸದಾ ಗಾಳಿ ಬೀಸುವ ಮರಳುದಿಬ್ಬಗಳ ನಡುವೆ. ಕಡಲಿಗೂ ಕೃಷಿಭೂಮಿಗೂ ನಡುವಿನ ಈ ಒರಟು ಹುಲ್ಲುಗಾವಲನ್ನು ಅಲ್ಲಿನವರು ಲಿಂಕ್ಸ್ ಎಂದು ಕರೆಯುತ್ತಾರೆ. ಉಳುಮೆಗೆ ಬಾರದ ಆ ನೆಲವನ್ನು ಆಟದ ಅಂಗಳವನ್ನಾಗಿಸಿದವರಲ್ಲಿ ಅಗ್ರಗಣ್ಯರು ಟಾಮ್ ಮಾರಿಸ್. ವಿಶ್ವದ ಅತ್ಯಂತ ಹಳೆಯ ಗಾಲ್ಫ್ ಚಾಂಪಿಯನ್‌ಷಿಪ್ ಆರಂಭವಾದ ಪ್ರೆಸ್ಟ್‌ವಿಕ್ ಮೈದಾನ ಅವರ ಕೈಕೆಲಸ.

ನೇಕಾರನ ಮಗ

ಮಾರಿಸ್ ಜನಿಸಿದ್ದು 1821ರ ಜೂನ್ 16ರಂದು, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸೇಂಟ್ ಆಂಡ್ರ್ಯೂಸ್ ಪಟ್ಟಣದಲ್ಲಿ. ತಂದೆ ಮಗ್ಗದ ಕೆಲಸದವರು. ಹದಿಹರೆಯದಲ್ಲಿಯೇ ಬಾಲಕ ಟಾಮ್, ಆ ಕಾಲದ ಅಗ್ರಮಾನ್ಯ ಆಟಗಾರನೂ ಚೆಂಡು ತಯಾರಕನೂ ಆಗಿದ್ದ ಅಲನ್ ರಾಬರ್ಟ್‌ಸನ್ ಬಳಿ ಕೆಲಸ ಕಲಿಯಲು ಸೇರಿದರು. ಒದ್ದೆ ಚರ್ಮದ ಚೀಲದೊಳಗೆ ಟೋಪಿ ತುಂಬುವಷ್ಟು ಪಕ್ಷಿಗರಿಗಳನ್ನು ಗಿಡಿದು ಹೊಲಿಯುವುದು ಅಂದಿನ ಚೆಂಡು ತಯಾರಿಕೆಯ ವಿಧಾನ. ನುರಿತ ಕೈಗೂ ದಿನಕ್ಕೆ ಬೆರಳೆಣಿಕೆಯಷ್ಟು ಚೆಂಡುಗಳು ಮಾತ್ರ ಸಾಧ್ಯವಾಗುತ್ತಿದ್ದವು. ಹೀಗಾಗಿ ಚೆಂಡು ದುಬಾರಿ, ಆಟ ಸಿರಿವಂತರ ಸ್ವತ್ತು.

1848ರ ಸುಮಾರಿಗೆ ಮಲಯ ನಾಡಿನ ಮರದ ಹಾಲಿನಿಂದ ತಯಾರಾಗುವ ಗಟಾಪರ್ಚಾ ಚೆಂಡು ಬಂದಿತು. ಅಗ್ಗವೂ ಗಟ್ಟಿಯೂ ಆದ ಈ ಚೆಂಡು ತಮ್ಮ ವೃತ್ತಿಗೆ ಕೊಡಲಿಯೇಟು ಎಂದು ರಾಬರ್ಟ್‌ಸನ್ ಭಾವಿಸಿದರು. ಗರಿಚೆಂಡುಗಳು ಮುಗಿದ ಒಂದು ದಿನ ಮಾರಿಸ್ ಹೊಸ ಚೆಂಡಿನಿಂದ ಆಡಿದರೆಂಬ ಸುದ್ದಿ ಗುರುವಿನ ಕಿವಿಗೆ ಬಿದ್ದು, ಇಬ್ಬರ ನಡುವೆ ಬಿರುಕು ಮೂಡಿತೆಂಬುದು ಪ್ರಚಲಿತ ಕಥೆ. ಮಾರಿಸ್ ಸ್ವಂತ ಅಂಗಡಿ ತೆರೆದರು. ಈ ನಡುವೆ 1850ರಲ್ಲಿ ನಾಲ್ಕು ವರ್ಷದ ಮೊದಲ ಮಗ ತೀರಿಕೊಂಡ. ಮರುವರ್ಷ ಹುಟ್ಟಿದ ಮಗುವಿಗೂ ದಂಪತಿ ಅದೇ ಹೆಸರನ್ನಿಟ್ಟರು. ಆ ಮಗುವೇ ಮುಂದೆ ಟಾಮಿ ಎಂದು ಖ್ಯಾತನಾದ.

ಮರಳುದಿಬ್ಬದ ನಡುವೆ 12 ಹೋಲ್

1851ರಲ್ಲಿ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್‌ನಲ್ಲಿ ಹೊಸ ಗಾಲ್ಫ್ ಕ್ಲಬ್ ಸ್ಥಾಪನೆಯಾಯಿತು. ಅದರ ರೂವಾರಿಗಳಲ್ಲೊಬ್ಬರಾದ ಕರ್ನಲ್ ಜೇಮ್ಸ್ ಓಗಿಲ್ವಿ ಫೇರ್ಲಿ ಮೈದಾನದ ಉಸ್ತುವಾರಿಗೆ ಮಾರಿಸ್ ಅವರನ್ನು ಆಹ್ವಾನಿಸಿದರು. ಕೈಗೂಸಿನೊಂದಿಗೆ ಕುಟುಂಬ ಸ್ಥಳಾಂತರಗೊಂಡಿತು. ಈ ಉಪಕಾರದ ನೆನಪಿಗೆ ಮಾರಿಸ್ ತಮ್ಮ ಇನ್ನೊಬ್ಬ ಮಗನಿಗೆ ಕರ್ನಲ್ಲರ ಪೂರ್ಣ ಹೆಸರನ್ನೇ ಇಟ್ಟದ್ದು ವಿಶೇಷ.

ಒಂದೆಡೆ ರೈಲುಹಳಿ, ಇನ್ನೊಂದೆಡೆ ಕಡಲು, ನಡುವೆ ಎತ್ತರದ ಮರಳುದಿಬ್ಬಗಳು. ಇಷ್ಟೇ ಜಾಗದಲ್ಲಿ ಮಾರಿಸ್ 12 ಹೋಲ್‌ಗಳ ಕೋರ್ಸ್ ರೂಪಿಸಿದರು. ದಿಬ್ಬ ಕಡಿಯುವ ಯಂತ್ರಗಳಿಲ್ಲದ ಕಾಲವದು. ಆದ್ದರಿಂದ ಅವರು ನೆಲವನ್ನು ಬದಲಿಸದೆ ಆಟದ ದಾರಿಯನ್ನೇ ನೆಲಕ್ಕೆ ಹೊಂದಿಸಿದರು. ಹೊಡೆತಗಳು ದಿಬ್ಬಗಳ ಮೇಲಿಂದ ಹಾರಬೇಕಿತ್ತು. ಗುರಿ ಕಣ್ಣಿಗೆ ಕಾಣದ ಕಡೆಗಳಲ್ಲಿ ಆಟಗಾರ ಅಂದಾಜಿನ ಮೇಲೆಯೇ ಹೊಡೆಯಬೇಕಿತ್ತು. ಮೊದಲ ಹೋಲ್ ಒಂದೇ 578 ಗಜ ಉದ್ದವಿತ್ತು.

ಹುಲ್ಲಿನ ಆರೈಕೆಯಲ್ಲೂ ಮಾರಿಸ್ ಹೊಸ ದಾರಿ ಹಿಡಿದರು. ಗ್ರೀನ್ ಮೇಲೆ ಆಕಸ್ಮಿಕವಾಗಿ ಮರಳು ಚೆಲ್ಲಿದ ಕಡೆ ಹುಲ್ಲು ಸೊಂಪಾಗಿ ಚಿಗುರಿದ್ದನ್ನು ಗಮನಿಸಿ, ತೆಳುವಾಗಿ ಮರಳು ಹರಡುವುದನ್ನು ಅವರು ರೂಢಿಗೆ ತಂದರೆಂದು ಹೇಳಲಾಗುತ್ತದೆ. ಮರಳು ಉಬ್ಬುತಗ್ಗುಗಳನ್ನು ಸಮಗೊಳಿಸುತ್ತದೆ, ನೀರು ಬೇಗ ಬಸಿಯುವಂತೆ ಮಾಡುತ್ತದೆ. ಗಾಲ್ಫ್ ಮೈದಾನಗಳಲ್ಲಿ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಓಪನ್ ಉದಯ

1859ರಲ್ಲಿ ರಾಬರ್ಟ್‌ಸನ್ ನಿಧನರಾದಾಗ ಅವರ ನಂತರದ ಶ್ರೇಷ್ಠ ಆಟಗಾರ ಯಾರೆಂಬ ಪ್ರಶ್ನೆ ಎದ್ದಿತು. ಉತ್ತರ ಕಂಡುಕೊಳ್ಳಲು ಪ್ರೆಸ್ಟ್‌ವಿಕ್ ಕ್ಲಬ್ 1860ರ ಅಕ್ಟೋಬರ್ 17ರಂದು ಸ್ಪರ್ಧೆಯೊಂದನ್ನು ಏರ್ಪಡಿಸಿತು. ಭಾಗವಹಿಸಿದವರು ಕೇವಲ ಎಂಟು ಮಂದಿ. 12 ಹೋಲ್‌ಗಳ ಮೂರು ಸುತ್ತು, ಒಂದೇ ದಿನದ ಆಟ. ಬೆಳ್ಳಿಯ ಬಕಲ್ ಹೊಂದಿದ ಕೆಂಪು ಚರ್ಮದ ಬೆಲ್ಟ್ ಬಹುಮಾನ. ತಾವೇ ನಿರ್ಮಿಸಿದ ಅಂಗಳದಲ್ಲಿ ಮಾರಿಸ್ ಗೆಲ್ಲುವರೆಂಬ ನಿರೀಕ್ಷೆ ಹುಸಿಯಾಯಿತು. ಮಸಲ್‌ಬರಾದ ವಿಲ್ಲಿ ಪಾರ್ಕ್ 174 ಹೊಡೆತಗಳಲ್ಲಿ ಆಟ ಮುಗಿಸಿದರೆ, ಮಾರಿಸ್‌ಗೆ 176 ಬೇಕಾದವು.

ಇದೇ ಇಂದಿನ ಓಪನ್ ಚಾಂಪಿಯನ್‌ಷಿಪ್‌ನ ಆರಂಭ. ಮಾರಿಸ್ ಮರುವರ್ಷವೇ ಪ್ರಶಸ್ತಿ ಗೆದ್ದರು. 1862ರಲ್ಲಿ 13 ಹೊಡೆತಗಳ ಅಂತರದಿಂದ ಜಯಿಸಿದರು. 1864 ಮತ್ತು 1867ರಲ್ಲಿಯೂ ಪ್ರಶಸ್ತಿ ಅವರದಾಯಿತು. 46ನೇ ವಯಸ್ಸಿನ ಆ ಕೊನೆಯ ಗೆಲುವಿನೊಂದಿಗೆ ಅವರು ಓಪನ್ ಇತಿಹಾಸದ ಅತಿ ಹಿರಿಯ ವಿಜೇತರೆನಿಸಿದ್ದಾರೆ. ಆದರೂ ವೃತ್ತಿಪರ ಆಟಗಾರನಿಗೆ ಅಂದಿನ ಸಮಾಜದಲ್ಲಿದ್ದುದು ಕೆಲಸದಾಳಿನ ಸ್ಥಾನ. ಚಾಂಪಿಯನ್ ಆದ ಮರುದಿನವೂ ಮಾರಿಸ್ ಗುದ್ದಲಿ ಹಿಡಿಯಬೇಕಿತ್ತು, ಶ್ರೀಮಂತ ಸದಸ್ಯರ ಚೆಂಡು, ಕೋಲುಗಳನ್ನು ದುರಸ್ತಿ ಮಾಡಬೇಕಿತ್ತು.

ತಂದೆಯನ್ನು ಮೀರಿದ ಮಗ

1864ರ ಕೊನೆಗೆ, ವರ್ಷಕ್ಕೆ 50 ಪೌಂಡ್ ವೇತನದ ಮೇಲೆ ಮೈದಾನ ಪಾಲಕರಾಗಿ ಮಾರಿಸ್ ತವರೂರು ಸೇಂಟ್ ಆಂಡ್ರ್ಯೂಸ್‌ಗೆ ಮರಳಿದರು. ಆದರೆ ಓಪನ್ ಸ್ಪರ್ಧೆ ಪ್ರೆಸ್ಟ್‌ವಿಕ್‌ನಲ್ಲಿಯೇ ಮುಂದುವರಿಯಿತು. ಆ ಮರಳುದಿಬ್ಬಗಳ ನಡುವೆ ಆಡಿ ಬೆಳೆದ ಟಾಮಿ 1868ರಲ್ಲಿ ತನ್ನ 17ನೇ ವಯಸ್ಸಿನಲ್ಲಿ ಪ್ರಶಸ್ತಿ ಗೆದ್ದ. ಎರಡನೇ ಸ್ಥಾನ ತಂದೆಯದು. 1870ರಲ್ಲಿ ಆತ 578 ಗಜಗಳ ಮೊದಲ ಹೋಲನ್ನು ಮೂರೇ ಹೊಡೆತಗಳಲ್ಲಿ ಪೂರೈಸಿ ಸತತ ಮೂರನೇ ಬಾರಿ ಚಾಂಪಿಯನ್ ಆದ. ನಿಯಮದಂತೆ ಬೆಲ್ಟ್ ಟಾಮಿಯ ಸ್ವಂತದ್ದಾಯಿತು. ಬಹುಮಾನವೇ ಇಲ್ಲದಂತಾಗಿ 1871ರಲ್ಲಿ ಸ್ಪರ್ಧೆ ನಡೆಯಲಿಲ್ಲ. ಬಳಿಕ ಮೂರು ಕ್ಲಬ್‌ಗಳು ಒಟ್ಟುಗೂಡಿ ಇಂದು ಜಗತ್ಪ್ರಸಿದ್ಧವಾಗಿರುವ ಕ್ಲಾರೆಟ್ ಜಗ್ ಪಾರಿತೋಷಕವನ್ನು ಮಾಡಿಸಿದವು. 1872ರ ಸ್ಪರ್ಧೆಯನ್ನೂ ಗೆದ್ದವನು ಟಾಮಿಯೇ.

ಈ ಸಂಭ್ರಮ ಹೆಚ್ಚು ಕಾಲ ಬಾಳಲಿಲ್ಲ. 1875ರ ಸೆಪ್ಟೆಂಬರ್‌ನಲ್ಲಿ ತಂದೆ, ಮಗ ನಾರ್ತ್ ಬೆರಿಕ್‌ನಲ್ಲಿ ಪಾರ್ಕ್ ಸಹೋದರರ ವಿರುದ್ಧ ಆಡುತ್ತಿದ್ದಾಗ ತಂತಿ ಬಂದಿತು. ಟಾಮಿಯ ಪತ್ನಿ ಮಾರ್ಗರೆಟ್‌ಗೆ ಹೆರಿಗೆ ಕಷ್ಟವಾಗಿತ್ತು. ದೋಣಿಯಲ್ಲಿ ಕೊಲ್ಲಿ ದಾಟಿ ಮನೆ ಸೇರುವಷ್ಟರಲ್ಲಿ ತಾಯಿಯೂ ಮಗುವೂ ಇರಲಿಲ್ಲ. ಅದೇ ವರ್ಷ ಡಿಸೆಂಬರ್ 25ರ ಬೆಳಗ್ಗೆ 24 ವರ್ಷದ ಟಾಮಿ ಹಾಸಿಗೆಯಲ್ಲಿ ಶವವಾಗಿದ್ದ. ಮರುವರ್ಷ ಮಾರಿಸ್ ಪತ್ನಿಯನ್ನೂ ಕಳೆದುಕೊಂಡರು. ಉಳಿದ ಮಕ್ಕಳೂ ಅವರ ಕಣ್ಣೆದುರೇ ಒಬ್ಬೊಬ್ಬರಾಗಿ ಅಗಲಿದರು.

ಕೆಲಸವೇ ಆಸರೆ

ಮಾರಿಸ್ ಮಾತ್ರ ಮೈದಾನ ಬಿಡಲಿಲ್ಲ. ದಿನವೂ ಮುಂಜಾನೆ ಕಡಲಸ್ನಾನ, ಅನಂತರ ಹುಲ್ಲಿನ ಕೆಲಸ. ಭಾನುವಾರ ಸೇಂಟ್ ಆಂಡ್ರ್ಯೂಸ್‌ನ ನೆಲಕ್ಕೂ ವಿಶ್ರಾಂತಿ ಬೇಕೆಂದು ಅವರು ಆಟಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಭಾನುವಾರದ ಬಿಡುವು ಇಂದಿಗೂ ರೂಢಿಯಲ್ಲಿದೆ. ಮ್ಯೂರ್‌ಫೀಲ್ಡ್, ಡಾರ್ನಾಕ್, ಐರ್ಲೆಂಡಿನ ಲಾಹಿಂಚ್ ಸೇರಿದಂತೆ ಅನೇಕ ಕಡಲತೀರದ ಕೋರ್ಸ್‌ಗಳಿಗೆ ಅವರು ವಿನ್ಯಾಸ ನೀಡಿದರು. 1903ರಲ್ಲಿ ನಿವೃತ್ತರಾದರು. 1908ರ ಮೇ 24ರಂದು ಸೇಂಟ್ ಆಂಡ್ರ್ಯೂಸ್‌ನ ನ್ಯೂ ಗಾಲ್ಫ್ ಕ್ಲಬ್‌ನಲ್ಲಿ ಮೆಟ್ಟಿಲಿನಿಂದ ಬಿದ್ದು, 86ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಊರಿನ ಪಾಳುಬಿದ್ದ ಕೆಥೆಡ್ರಲ್ ಆವರಣದಲ್ಲಿ, ಮಗ ಟಾಮಿಯ ಬಳಿಯೇ ಅವರ ಸಮಾಧಿಯಿದೆ.

ಇಂದಿನ ಪ್ರೆಸ್ಟ್‌ವಿಕ್

ಪ್ರೆಸ್ಟ್‌ವಿಕ್ ಕೋರ್ಸನ್ನು 1880ರ ದಶಕದಲ್ಲಿ 18 ಹೋಲ್‌ಗಳಿಗೆ ವಿಸ್ತರಿಸಲಾಯಿತು. ಒಟ್ಟು 24 ಓಪನ್ ಸ್ಪರ್ಧೆಗಳಿಗೆ ಆತಿಥ್ಯ ವಹಿಸಿದ ಈ ಕ್ಲಬ್‌ಗೆ 1925ರ ಸ್ಪರ್ಧೆಯೇ ಕೊನೆಯದು. ಆ ವರ್ಷ ಸೇರಿದ ಜನಜಂಗುಳಿಯನ್ನು ನಿಯಂತ್ರಿಸಲು ಇಕ್ಕಟ್ಟಾದ ಆ ಜಾಗದಲ್ಲಿ ಸಾಧ್ಯವಾಗಲಿಲ್ಲ.

ಆದರೂ ಹಳೆಯ ಚಹರೆ ಅಳಿಸಿಲ್ಲ. ಮೊದಲ ಹೋಲ್‌ನ ಬಲಬದಿಗೆ ರೈಲು ಹಾದುಹೋಗುತ್ತದೆ. ಅದರ ಹೆಸರೂ ರೈಲ್ವೆ. ಮೂರನೆಯದರಲ್ಲಿ ಮರದ ದಿಮ್ಮಿಗಳ ಗೋಡೆಯುಳ್ಳ ಕಾರ್ಡಿನಲ್ ಎಂಬ ಬೃಹತ್ ಬಂಕರ್ ಇದೆ. ಐದನೆಯ ಹೋಲ್ ಹಿಮಾಲಯಾಸ್. ದೊಡ್ಡ ದಿಬ್ಬದಾಚೆಗಿನ ಗ್ರೀನ್ ಆಟಗಾರನಿಗೆ ಕಾಣುವುದೇ ಇಲ್ಲ. ಹದಿನೇಳನೆಯ ಆಲ್ಪ್ಸ್ ಹೋಲ್, ಮಾರಿಸ್ ರೂಪಿಸಿದ ಮೂಲ 12ರಲ್ಲಿ ಎರಡನೆಯದಾಗಿತ್ತು. ಅದರ ದಿಬ್ಬ ದಾಟಿದರೆ ಗ್ರೀನ್ ಮುಂದೆ ಸಹಾರಾ ಎಂಬ ಮರಳುಗುಂಡಿ ಕಾದಿರುತ್ತದೆ. 1860ರ ಸ್ಪರ್ಧೆ ಆರಂಭವಾದ ಜಾಗವನ್ನು ಕಲ್ಲಿನ ಸ್ಮಾರಕವೊಂದು ಗುರುತಿಸುತ್ತದೆ.

ಸಂಬಳಕ್ಕೆ ದುಡಿದ ನೇಕಾರನ ಮಗನೊಬ್ಬ ಮನೆಮಂದಿಯನ್ನೆಲ್ಲ ಕಳೆದುಕೊಂಡ. ಆತ ತಿದ್ದಿದ ನೆಲ ಮಾತ್ರ ಒಂದೂಮುಕ್ಕಾಲು ಶತಮಾನದ ನಂತರವೂ ಆಟಗಾರರನ್ನು ಕರೆಯುತ್ತಲೇ ಇದೆ.